ಬಳಸಿದ ಡೀಸೆಲ್ ಎಸ್.ಯು.ವಿ.: ಯಾರ ಹೆಸರಿನಲ್ಲಿ, ಯಾವ ಲೆಕ್ಕದಲ್ಲಿ?

ಭದ್ರಾ ಅಚ್ಚುಕಟ್ಟಿನ ಕತ್ತಲಗೆರೆ, ಬಸವಾಪಟ್ಟಣ, ಸಂತೇಬೆನ್ನೂರು ಭಾಗದ ಗ್ರಾಮಗಳಲ್ಲಿ ಅಡಿಕೆಯ ಹಣ ಕೈಗೆ ಬಂದ ನಂತರದ ತಿಂಗಳುಗಳಲ್ಲಿ ವಾಹನ ಖರೀದಿಯ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅಡಿಕೆ ಮಂಡಿಯ ವರ್ತಕರು, ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು, ಗೊಬ್ಬರ-ಔಷಧಿ ಅಂಗಡಿಯವರು ಹೀಗೆ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಹೊಸ ಕಾರಿಗಿಂತ ಐದಾರು ವರ್ಷ ಬಳಸಿದ ಡೀಸೆಲ್ ಎಸ್.ಯು.ವಿ.ಯನ್ನೇ ಮೆಚ್ಚುತ್ತಾರೆ. ಇದಕ್ಕೆ ಕಾರಣಗಳಿಲ್ಲದಿಲ್ಲ. ಮನೆಯ ಏಳು ಮಂದಿ ಒಟ್ಟಿಗೆ ಕುಳಿತು ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋಗಿಬರಬೇಕು. ನಾಲೆಯ ಏರಿಯ ಮೇಲೆ ತೋಟದವರೆಗೂ ಗಾಡಿ ಸಾಗಬೇಕು. ರಾತ್ರಿ ಹೊತ್ತಿನಲ್ಲಿ ಹಿರಿಯರನ್ನು ದಾವಣಗೆರೆಯ ಅಥವಾ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ನಂಬಿಕೆಯ ವಾಹನ ಬೇಕು. 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಮಹೀಂದ್ರ ಬೊಲೆರೊ ಮತ್ತು ನಮ್ಮದೇ ರಾಜ್ಯದ ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್, 2002ರ ಸ್ಕಾರ್ಪಿಯೊ, 2005ರ ಇನ್ನೋವಾ - ಇವು ಈ ಭಾಗದ ಮನೆಗಳಿಗೆ ಹೊಸದಾಗಿ ಬಂದದ್ದಕ್ಕಿಂತ ಎರಡನೆಯ ಕೈಯಾಗಿ ಬಂದದ್ದೇ ಹೆಚ್ಚೆಂದರೆ ಅತಿಶಯೋಕ್ತಿಯಾಗಲಾರದು. (ಇನ್ನೋವಾ ವಾಸ್ತವವಾಗಿ ಎಸ್.ಯು.ವಿ. ಅಲ್ಲವೆಂದು ತಿಳಿದವರು ಆಕ್ಷೇಪಿಸಬಹುದು. ಕೊಳ್ಳುವವರ ಮನಸ್ಸಿನಲ್ಲಿ ಅದು ಅದೇ ಸಾಲಿನಲ್ಲಿದೆ.)

ಲೆಕ್ಕ ಪರಿಶೋಧಕರ ಕಚೇರಿಗೆ ಈ ವಿಷಯ ಬರುವುದು ಮಾತ್ರ ಬಹುತೇಕ ಮಾರ್ಚ್ ಕೊನೆಯ ವಾರದಲ್ಲಿ, ಅಂದರೆ ವ್ಯವಹಾರ ಮುಗಿದ ಮೇಲೆ. ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸಲು ಮೂರು ಭಾನುವಾರ ಚೌಕಾಸಿ ಮಾಡಿದವರು, ವಾಹನವನ್ನು ಯಾರ ಹೆಸರಿಗೆ ಪಡೆಯಬೇಕು, ಹಣವನ್ನು ಯಾವ ರೀತಿ ಸಲ್ಲಿಸಬೇಕು ಎಂಬ ಬಗ್ಗೆ ಮೂರು ನಿಮಿಷ ಯೋಚಿಸಿರುವುದಿಲ್ಲ. ಆ ಮೂರು ನಿಮಿಷದಲ್ಲಿ ಇರುವ ಹಣ ಚೌಕಾಸಿಯ ಹಣಕ್ಕಿಂತ ಹೆಚ್ಚಿನದು. ಕೆಲವೊಮ್ಮೆ ಅದು ಕುಟುಂಬದ ಭದ್ರತೆಯ ಪ್ರಶ್ನೆಯೂ ಆಗಿರುತ್ತದೆ.

ಹಳೆಯ ಬೆಲೆ, ಹೊಸ ತೆರಿಗೆ

ಮೊದಲಿಗೆ ಮಾರುಕಟ್ಟೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ವಾಹನಗಳ ಮೇಲಿನ ಜಿ.ಎಸ್.ಟಿ. ದರಗಳು ಬದಲಾದವು. ನಾಲ್ಕು ಮೀಟರಿಗೆ ಮೀರದ ಉದ್ದ ಮತ್ತು 1500 ಸಿ.ಸಿ.ಗೆ ಮೀರದ ಎಂಜಿನ್ ಇರುವ ಡೀಸೆಲ್ ವಾಹನಗಳಿಗೆ ಅದುವರೆಗೆ ಸೆಸ್ ಸೇರಿ ಶೇಕಡಾ 31 ಇದ್ದ ತೆರಿಗೆ ಶೇಕಡಾ 18ಕ್ಕೆ ಇಳಿಯಿತು. 1493 ಸಿ.ಸಿ.ಯ ಬೊಲೆರೊ ಈ ವರ್ಗಕ್ಕೆ ಸೇರುತ್ತದೆ. ದೊಡ್ಡ ಎಸ್.ಯು.ವಿ.ಗಳಿಗೆ ಶೇಕಡಾ 50 ಇದ್ದದ್ದು ಶೇಕಡಾ 40 ಆಯಿತು. ತೆರಿಗೆ ರಹಿತ ಬೆಲೆ ರೂ. 8,00,000 ಇರುವ ಸಣ್ಣ ವಾಹನಕ್ಕೆ ಮೊದಲು ರೂ. 10,48,000 ಆಗುತ್ತಿದ್ದದ್ದು ಈಗ ರೂ. 9,44,000 ಆಗುತ್ತದೆ, ಅಂತರ ರೂ. 1,04,000. ತೆರಿಗೆ ರಹಿತ ಬೆಲೆ ರೂ. 12,00,000 ಇರುವ ದೊಡ್ಡ ವಾಹನದಲ್ಲಿ ಅಂತರ ರೂ. 1,20,000.

ಇದರ ಅರ್ಥವೇನೆಂದರೆ, 'ನಾನು ಇದನ್ನು ಇಷ್ಟು ಕೊಟ್ಟು ತಂದಿದ್ದೆ' ಎಂದು ಮಾರಾಟಗಾರನು ತೋರಿಸುವ ಹಳೆಯ ಇನ್‌ವಾಯ್ಸ್ ಇಂದು ಬೆಲೆಗೆ ಆಧಾರವಾಗಲಾರದು. ಅದೇ ದರ್ಜೆಯ ಹೊಸ ವಾಹನಕ್ಕೆ ಇಂದು ಶೋರೂಮಿನಲ್ಲಿ ಏನು ಬೆಲೆಯೋ ಅಲ್ಲಿಂದ ಕೆಳಕ್ಕೆ ಎಣಿಸಬೇಕೇ ಹೊರತು, ಅವರು ಕೊಟ್ಟ ಬೆಲೆಯಿಂದಲ್ಲ. ಎರಡು-ಮೂರು ವರ್ಷ ಮಾತ್ರ ಬಳಸಿದ ವಾಹನವನ್ನು ಕೊಳ್ಳುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಹೊಸದಕ್ಕೂ ಹಳೆಯದಕ್ಕೂ ಉಳಿಯುವ ವ್ಯತ್ಯಾಸ ಹಲವು ವೇಳೆ ಬಡ್ಡಿಯ ದರದಲ್ಲೇ ಕರಗಿಹೋಗುತ್ತದೆ. ಬಳಸಿದ ವಾಹನದ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚೆಂಬುದು ಎಲ್ಲರೂ ಬಲ್ಲ ವಿಷಯ.

ಡೀಸೆಲ್ ಎಂಬ ಆಕರ್ಷಣೆ

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯು ಸರ್ಕಾರದ ನಿಯಂತ್ರಣದಿಂದ ಮುಕ್ತವಾಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಇದ್ದ ದೊಡ್ಡ ಅಂತರವೇ ಡೀಸೆಲ್ ವಾಹನವೆಂದರೆ ಉಳಿತಾಯ ಎಂಬ ನಂಬಿಕೆಯನ್ನು ಬೆಳೆಸಿತು. 2025ರ ಏಪ್ರಿಲ್ 1ರಂದು ರಾಜ್ಯವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು ರೂ. 91 ಆಯಿತು, ಪೆಟ್ರೋಲ್ ಆಗ ರೂ. 103ರ ಆಸುಪಾಸಿನಲ್ಲಿತ್ತು. ಅಂತರ ಹನ್ನೆರಡು ರೂಪಾಯಿ.

ಈ ದರಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ವರ್ಷಕ್ಕೆ 12,000 ಕಿ.ಮೀ. ಓಡುವ, ಲೀಟರಿಗೆ 13 ಕಿ.ಮೀ. ಕೊಡುವ ಡೀಸೆಲ್ ವಾಹನಕ್ಕೆ ಇಂಧನ ವೆಚ್ಚ ಸುಮಾರು ರೂ. 84,000. ಅದೇ ಗಾತ್ರದ, 10 ಕಿ.ಮೀ. ಕೊಡುವ ಪೆಟ್ರೋಲ್ ವಾಹನಕ್ಕೆ ರೂ. 1,23,600. ಉಳಿತಾಯ ವರ್ಷಕ್ಕೆ ಸುಮಾರು ರೂ. 39,600. ಓಟ 6,000 ಕಿ.ಮೀ. ಮಾತ್ರವಾದರೆ ಉಳಿತಾಯ ರೂ. 19,800. ವಯಸ್ಸಾದ ಡೀಸೆಲ್ ಎಂಜಿನ್ನಿನಲ್ಲಿ ಇಂಜೆಕ್ಟರ್‌ಗಳೋ ಟರ್ಬೋ ಚಾರ್ಜರೋ ಕೆಟ್ಟರೆ ಒಂದೇ ದುರಸ್ತಿಗೆ ಇಂತಹ ಎರಡು ವರ್ಷಗಳ ಉಳಿತಾಯ ಹೋಗುವುದು ಅಪರೂಪವಲ್ಲ.

ಇನ್ನೊಂದು ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾನದಂಡ ಜಾರಿಗೆ ಬಂದಿತು. ಆ ನಂತರದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿದೆ. ಆಗಾಗ್ಗೆ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಅದರಲ್ಲಿ ಕೂಡಿದ ಮಸಿ ಸುಟ್ಟು ಶುದ್ಧವಾಗುತ್ತದೆ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಬ್ಯಾಂಕಿಗೆ ಎಂದು ದಿನವೂ ಮೂರು-ನಾಲ್ಕು ಕಿ.ಮೀ. ಮಾತ್ರ ಓಡುವ ವಾಹನದಲ್ಲಿ ಈ ಶೋಧಕ ಕಟ್ಟಿಕೊಳ್ಳುತ್ತದೆ. ಬದಲಿಸುವ ವೆಚ್ಚ ಸಣ್ಣದಲ್ಲ. ಕೆಲವು ಮಾದರಿಗಳಿಗೆ ಆಡ್‌ಬ್ಲೂ ದ್ರವವನ್ನೂ ತುಂಬಿಸುತ್ತಿರಬೇಕು. ಕಡಿಮೆ ಓಡಿದ ವಾಹನವೆಂದರೆ ಒಳ್ಳೆಯ ವಾಹನ ಎಂಬ ಹಳೆಯ ಗಾದೆ ಬಿ.ಎಸ್.-6 ಡೀಸೆಲ್‌ಗೆ ಪೂರ್ತಿ ಒಪ್ಪುವುದಿಲ್ಲ. ಪೇಟೆಯಲ್ಲೇ ಕಡಿಮೆ ಓಡಿದ್ದಕ್ಕಿಂತ ಹೆದ್ದಾರಿಯಲ್ಲಿ ಹೆಚ್ಚು ಓಡಿದ್ದು ಮೇಲೆಂದು ನನ್ನ ಅಭಿಪ್ರಾಯ.

ಹಾಗಾದರೆ ಒಟ್ಟು ವೆಚ್ಚವೆಷ್ಟು? ರೂ. 8,00,000 ಕೊಟ್ಟು ಕೊಂಡ, 2.2 ಲೀಟರ್ ಎಂಜಿನ್ನಿನ ವಾಹನವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂಧನ ರೂ. 84,000, ಮೌಲ್ಯದಲ್ಲಿ ಇಳಿಕೆ ರೂ. 80,000, ವಿಮೆ ರೂ. 25,000, ಸರ್ವಿಸ್ ಮತ್ತು ದುರಸ್ತಿ ರೂ. 30,000, ಟೈರಿನ ಸವೆತ ರೂ. 10,000 ಎಂದಿಟ್ಟುಕೊಂಡರೆ ವರ್ಷಕ್ಕೆ ರೂ. 2,29,000. ಅಂದರೆ ಕಿ.ಮೀ. ಒಂದಕ್ಕೆ ರೂ. 19. ಓಟವನ್ನು 6,000 ಕಿ.ಮೀ.ಗೆ ಇಳಿಸಿ, ಸರ್ವಿಸ್ ಮುಂತಾದವನ್ನು ತಕ್ಕಷ್ಟು ಕಡಿಮೆ ಮಾಡಿ ನೋಡಿದರೂ ರೂ. 1,68,000 ಆಗುತ್ತದೆ, ಕಿ.ಮೀ.ಗೆ ರೂ. 28. ಹಾಕಿದ ಬಂಡವಾಳದ ಬಡ್ಡಿ ಇದರಲ್ಲಿ ಸೇರಿಲ್ಲ. ವಿಮೆಯಲ್ಲಿಯೂ ಎಂಜಿನ್ನಿನ ಗಾತ್ರ ಲೆಕ್ಕಕ್ಕೆ ಬರುತ್ತದೆ: 2022ರ ಜೂನ್ 1ರಿಂದ ನಿಗದಿಯಾದ ದರದಂತೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆಗೆ 1000 ಸಿ.ಸಿ.ಗೆ ಮೇಲ್ಪಟ್ಟು 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ರೂ. 3,416, ಅದಕ್ಕೆ ಮೇಲ್ಪಟ್ಟದ್ದಕ್ಕೆ ರೂ. 7,897.

ಸಂಸ್ಥೆಯ ಹೆಸರೋ, ಸ್ವಂತ ಹೆಸರೋ?

'ಅಂಗಡಿಯ ಲೆಕ್ಕದಲ್ಲಿ ತೋರಿಸಿಬಿಡಿ, ತೆರಿಗೆ ಉಳಿಯುತ್ತದೆ' ಎಂಬುದು ಸರ್ವಸಾಮಾನ್ಯ ಸಲಹೆ. ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆ ಬದಲಾಗುತ್ತದೆ. ಆದಕಾರಣ ಸಂಖ್ಯೆಗಳನ್ನು ಬಿಟ್ಟು ತಿರುಳನ್ನಷ್ಟೇ ಹೇಳುತ್ತೇನೆ.

ವ್ಯಾಪಾರಕ್ಕೆ ಬಳಸುವ ಕಾರಿಗೆ ಇಳಿಕೆ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡಾ 15 ಸವಕಳಿ ದೊರೆಯುತ್ತದೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಮಾತ್ರ; ಜನವರಿಯಲ್ಲಿ ಕೊಂಡು ಮಾರ್ಚ್‌ನಲ್ಲಿ ಪೂರ್ತಿ ಸವಕಳಿ ಕೇಳುವವರು ಇದನ್ನು ಮರೆಯಬಾರದು. ವಾಹನ ಹಳೆಯದೆಂಬ ಕಾರಣಕ್ಕೆ ದರ ಬದಲಾಗುವುದಿಲ್ಲ. ರೂ. 8,00,000 ವಾಹನಕ್ಕೆ ಮೊದಲ ವರ್ಷದ ಸವಕಳಿ ರೂ. 1,20,000. ಶೇಕಡಾ 30ರ ದರದಲ್ಲಿ, ಶೇಕಡಾ 4ರ ಸೆಸ್ ಸೇರಿ, ತೆರಿಗೆ ಕೊಡುವ ಪಾಲುದಾರಿಕೆ ಸಂಸ್ಥೆಗೆ ಇದರಿಂದ ರೂ. 37,440 ಉಳಿಯುತ್ತದೆ. ಆದರೆ ಅದು ಪೂರ್ತಿ ವ್ಯಾಪಾರಕ್ಕೇ ಬಳಕೆಯಾದಾಗ. ಮದುವೆ, ಜಾತ್ರೆ, ಮಕ್ಕಳ ಕಾಲೇಜು ಎಂದು ಅರ್ಧ ಓಟ ಮನೆಯದಾದರೆ ಸವಕಳಿ, ಡೀಸೆಲ್, ವಿಮೆ ಎಲ್ಲದರಲ್ಲಿಯೂ ಅರ್ಧವನ್ನು ತೆರಿಗೆ ಅಧಿಕಾರಿ ತೆಗೆದುಹಾಕಬಹುದು. ಕುಟುಂಬದ ಎಸ್.ಯು.ವಿ. ಎಂದು ಹೆಸರಿಟ್ಟು ಕೊಂಡ ಮೇಲೆ ಅದು ಕುಟುಂಬದ್ದಲ್ಲವೆಂದು ವಾದಿಸುವುದು ಕಷ್ಟವೇ. ಓಟದ ಪುಸ್ತಕವೊಂದನ್ನು ಬರೆದಿಡುವ ವರ್ತಕರು ಎಷ್ಟು ಮಂದಿ ಇದ್ದಾರೆ?

ಇನ್ನು ಅಂದಾಜು ಲಾಭ ಪದ್ಧತಿಯಲ್ಲಿ, ಅಂದರೆ ವಹಿವಾಟಿನ ಮೇಲೆ ಶೇಕಡಾ 8 ಅಥವಾ 6ರಂತೆ ಲಾಭ ತೋರಿಸುವವರ ಪ್ರಶ್ನೆ. ವಹಿವಾಟು ರೂ. 2 ಕೋಟಿಯವರೆಗೆ, ನಗದು ಸ್ವೀಕೃತಿ ಶೇಕಡಾ 5ಕ್ಕೆ ಮೀರದಿದ್ದರೆ ರೂ. 3 ಕೋಟಿಯವರೆಗೆ, ಈ ಅನುಕೂಲವಿದೆ. ಈ ಪದ್ಧತಿಯಲ್ಲಿ ಸವಕಳಿಯು ಆ ಶೇಕಡಾವಾರಿನಲ್ಲಿಯೇ ಅಡಗಿದೆಯೆಂದು ಕಾಯ್ದೆ ಭಾವಿಸುತ್ತದೆ. ವಾಹನವನ್ನು ಲೆಕ್ಕದಲ್ಲಿ ತೋರಿಸಿದರೂ ಒಂದು ಪೈಸೆಯ ಹೆಚ್ಚುವರಿ ಕಡಿತವಿಲ್ಲ. ಅಡಿಕೆ, ಭತ್ತದ ಮಂಡಿಗಳಲ್ಲಿ ದಲ್ಲಾಳಿ ಕಮಿಷನ್ ಪಡೆಯುವವರಿಗೆ ಆ ಕಮಿಷನ್ ಆದಾಯದ ಮಟ್ಟಿಗೆ ಈ ಪದ್ಧತಿಯೇ ಲಭ್ಯವಿಲ್ಲ. ಅವರು ಪುಸ್ತಕ ಬರೆಯಲೇಬೇಕು, ಬರೆದರೆ ಸವಕಳಿ ಕೇಳಬಹುದು. ಏಕಮಾಲೀಕರು ಮತ್ತೊಂದನ್ನು ನೆನಪಿಡಬೇಕು. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ರೂ. 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಬರುವುದಿಲ್ಲ. ಕೊಡಬೇಕಾದ ತೆರಿಗೆ ಶೂನ್ಯವಾಗಿರುವಾಗ ಸವಕಳಿಯಿಂದ ಉಳಿಯುವುದಾದರೂ ಏನು?

ಲಾಭವಿಲ್ಲದಿದ್ದರೂ ನಷ್ಟವಿಲ್ಲವಲ್ಲ ಎಂದು ಕೇಳಬಹುದು. ನಷ್ಟವಿದೆ, ಅದು ಮಾರುವ ದಿನ ಕಾಣಿಸುತ್ತದೆ.

ಖಾಸಗಿ ಬಳಕೆಯ ಕಾರು ಆದಾಯ ತೆರಿಗೆಯ ದೃಷ್ಟಿಯಲ್ಲಿ ವ್ಯಕ್ತಿಯ ಸ್ವಂತ ಬಳಕೆಯ ವಸ್ತು. ಅದನ್ನು ಮಾರಿದಾಗ ಬಂಡವಾಳ ಲಾಭದ ಪ್ರಶ್ನೆ ಏಳುವುದಿಲ್ಲ. ವ್ಯಾಪಾರದ ಭಾಗವಲ್ಲದ ಕಾರನ್ನು ಮಾರಿದಾಗ ಜಿ.ಎಸ್.ಟಿ.ಯೂ ಇಲ್ಲ. ಆದರೆ ಜಿ.ಎಸ್.ಟಿ. ನೋಂದಣಿ ಇರುವ ಸಂಸ್ಥೆಯು ಲೆಕ್ಕದಲ್ಲಿ ಇಟ್ಟು ಸವಕಳಿ ಪಡೆದ ಕಾರನ್ನು ಮಾರಿದರೆ, ಮಾರಾಟ ಬೆಲೆಗೂ ಸವಕಳಿ ಕಳೆದ ಮೌಲ್ಯಕ್ಕೂ ಇರುವ ಅಂತರದ ಮೇಲೆ ತೆರಿಗೆ ಕೊಡಬೇಕು. 2018ರ ಜನವರಿ 25ರ ಅಧಿಸೂಚನೆಯಲ್ಲಿ ದೊಡ್ಡ ವಾಹನಗಳಿಗೆ ಶೇಕಡಾ 18, ಉಳಿದವಕ್ಕೆ ಶೇಕಡಾ 12 ಇತ್ತು. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ನಡೆದ ಜಿ.ಎಸ್.ಟಿ. ಮಂಡಳಿಯ 55ನೇ ಸಭೆಯ ಶಿಫಾರಸಿನಂತೆ 2025ರ ಜನವರಿಯಿಂದ ಸಣ್ಣ-ದೊಡ್ಡ ಎಂಬ ಭೇದವಿಲ್ಲದೆ ಎಲ್ಲಕ್ಕೂ ಶೇಕಡಾ 18 ಆಗಿದೆ.

ಸಂಸ್ಥೆಯೊಂದು 2018ರ ಮೇ ತಿಂಗಳಿನಲ್ಲಿ ರೂ. 16,00,000ಕ್ಕೆ ಎಸ್.ಯು.ವಿ. ಕೊಂಡಿತೆನ್ನಿ. ಏಳು ವರ್ಷ ಶೇಕಡಾ 15ರಂತೆ ಸವಕಳಿ ಕಳೆದರೆ 2025ರ ಮಾರ್ಚ್ 31ಕ್ಕೆ ಉಳಿಯುವ ಮೌಲ್ಯ ರೂ. 5,12,923. ಅದನ್ನು 2025-26ರಲ್ಲಿ ರೂ. 7,00,000ಕ್ಕೆ ಮಾರಿದರೆ ಅಂತರ ರೂ. 1,87,077, ಅದರ ಮೇಲೆ ಜಿ.ಎಸ್.ಟಿ. ರೂ. 33,674. ಕೊಂಡ ಬೆಲೆಗಿಂತ ರೂ. 9 ಲಕ್ಷ ಕಡಿಮೆಗೆ ಮಾರಿದರೂ ತೆರಿಗೆ! 'ನಷ್ಟಕ್ಕೆ ಮಾರಿದ್ದೇನೆ, ಎಂತಹ ತೆರಿಗೆ?' ಎಂದು ವರ್ತಕರು ಕೇಳುವುದು ಸಹಜ. ಅವರು ಹಿಂದೆ ಪಡೆದ ಸವಕಳಿಯೇ ಇದಕ್ಕೆ ಉತ್ತರ. ಅಂತರ ಋಣಾತ್ಮಕವಾದರೆ ಮಾತ್ರ ತೆರಿಗೆಯಿಲ್ಲ. ಆದಾಯ ತೆರಿಗೆಯಲ್ಲಿಯೂ ಮಾರಾಟದ ಹಣವನ್ನು ಅದೇ ವರ್ಗದ ಆಸ್ತಿಗಳ ಒಟ್ಟು ಮೌಲ್ಯದಿಂದ ಕಳೆಯಬೇಕು. ಬೇರೆ ಆಸ್ತಿ ಇಲ್ಲದಿದ್ದರೆ ಉಳಿದ ಹಣ ಅಲ್ಪಾವಧಿ ಲಾಭವಾಗಿ ತೆರಿಗೆಗೆ ಬರುತ್ತದೆ.

ಕೊಳ್ಳುವಾಗ ಕೊಟ್ಟ ಜಿ.ಎಸ್.ಟಿ.ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗಬಹುದೆಂಬ ಆಸೆಯೂ ಬೇಡ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಅವುಗಳ ವಿಮೆ ಹಾಗೂ ದುರಸ್ತಿ ಸೇವೆಗಳಿಗೆ, ವಾಹನ ಮಾರಾಟ, ಪ್ರಯಾಣಿಕ ಸಾರಿಗೆ, ಚಾಲನಾ ತರಬೇತಿಯ ವ್ಯಾಪಾರದವರನ್ನು ಬಿಟ್ಟು ಉಳಿದವರಿಗೆ ಕ್ರೆಡಿಟ್ ನಿರ್ಬಂಧಿತವಾಗಿದೆ.

ವಾಹನ ಪಾಲುದಾರನ ಹೆಸರಿನಲ್ಲಿದ್ದು, ಹಣ ಕೊಟ್ಟದ್ದು ಮತ್ತು ಬಳಸುವುದು ಸಂಸ್ಥೆಯಾದರೆ ಸವಕಳಿ ಸಿಗುವುದೇ ಎಂಬ ಪ್ರಶ್ನೆ ನಮ್ಮಲ್ಲಿ ಬಹಳ. ಆರ್.ಸಿ.ಯಲ್ಲಿನ ಹೆಸರೊಂದೇ ಅಂತಿಮವಲ್ಲವೆಂಬುದಕ್ಕೆ ಕರ್ನಾಟಕದ ಪ್ರಕರಣವೇ ಆಧಾರ. ಮಣಿಪಾಲದ ಐ.ಸಿ.ಡಿ.ಎಸ್. ಲಿಮಿಟೆಡ್ ಗುತ್ತಿಗೆಗೆ ಕೊಟ್ಟ ವಾಹನಗಳು ಗ್ರಾಹಕರ ಹೆಸರಿನಲ್ಲಿ ನೋಂದಣಿಯಾಗಿದ್ದರೂ ಸವಕಳಿಯ ಹಕ್ಕು ಕಂಪನಿಗೇ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯ 2013ರ ಜನವರಿಯಲ್ಲಿ ತೀರ್ಪಿತ್ತಿತು. ಆದರೆ ಅಲ್ಲಿ ಲಿಖಿತ ಒಪ್ಪಂದವಿತ್ತು. ಪಾಲುದಾರರೂ ಒಂದು ಠರಾವನ್ನಾದರೂ ಬರೆದಿಡಬೇಕು. ಹಣ ಸಂಸ್ಥೆಯ ಖಾತೆಯಿಂದಲೇ ನೇರವಾಗಿ ಹೋಗಿರಬೇಕು.

ವಿಮೆಯ ವಿಷಯದಲ್ಲಿ ಮಾತ್ರ ಆರ್.ಸಿ.ಯ ಹೆಸರೇ ಎಲ್ಲವೂ. ಬಹುಮಂದಿ ಗಮನಿಸದ ಸಂಗತಿಯೊಂದು ಇಲ್ಲಿದೆ. ಮಾಲೀಕ-ಚಾಲಕನಿಗೆ ಕನಿಷ್ಠ ರೂ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ವ್ಯಕ್ತಿಯೊಬ್ಬ ಮಾಲೀಕನಾಗಿದ್ದಾಗ. ಪಾಲುದಾರಿಕೆ ಸಂಸ್ಥೆಗೋ ಕಂಪನಿಗೋ ಚಾಲನಾ ಪರವಾನಗಿ ಇರುವುದಿಲ್ಲ. ಆದಕಾರಣ ಅವುಗಳ ಹೆಸರಿನ ವಾಹನಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಪಾಲುದಾರನು ರಾತ್ರಿ ಒಬ್ಬನೇ ಓಡಿಸಿಕೊಂಡು ಬರುವಾಗ ಮರಕ್ಕೆ ಗುದ್ದಿ ಜೀವ ಹೋದರೆ, ಎದುರಿನ ವಾಹನವೂ ಇಲ್ಲ, ಮಾಲೀಕ-ಚಾಲಕ ವಿಮೆಯೂ ಇಲ್ಲ. ಉಳಿಸಿದ್ದು ವರ್ಷಕ್ಕೆ ಹದಿನೆಂಟು ಸಾವಿರ ತೆರಿಗೆ. ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕೆಂದಾದರೆ ಓಡಿಸುವ ಪ್ರತಿಯೊಬ್ಬರೂ ಪ್ರತ್ಯೇಕ ಅಪಘಾತ ವಿಮೆಯನ್ನು ಪಡೆಯಲೇಬೇಕು. ಏಕಮಾಲೀಕರಿಗೆ ಈ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಆರ್.ಸಿ. ವ್ಯಕ್ತಿಯ ಹೆಸರಿನಲ್ಲೇ ಇರುತ್ತದೆ.

ನನ್ನ ಸಲಹೆ ಇಷ್ಟು: ಶೇಕಡಾ 30ರ ತೆರಿಗೆ ಕೊಡುವ, ವಾಹನವನ್ನು ನಿಜವಾಗಿ ವ್ಯಾಪಾರಕ್ಕೆ ಓಡಿಸುವ ಸಂಸ್ಥೆಗಳು ಲೆಕ್ಕದಲ್ಲಿ ಇಡಲಿ. ಉಳಿದವರು ಸ್ವಂತ ಹೆಸರಿನಲ್ಲಿ ಕೊಂಡು, ಲೆಕ್ಕದಿಂದ ಹೊರಗಿಟ್ಟು, ಹಣವನ್ನು ಡ್ರಾಯಿಂಗ್ಸ್ ಮೂಲಕ ಬ್ಯಾಂಕಿನಿಂದ ಪಾವತಿಸುವುದು ಲೇಸು. ತೋಟದ ಆದಾಯದಿಂದ ಕೊಳ್ಳುವವರು ಚನ್ನಗಿರಿಯ ತುಮ್‌ಕೋಸ್‌ನದೋ ಮಂಡಿಯದೋ ಅಡಿಕೆ ಮಾರಾಟದ ಪಟ್ಟಿಗಳನ್ನು ಆ ವರ್ಷದ ಕಡತದಲ್ಲಿ ಇಟ್ಟುಕೊಂಡಿರಬೇಕು. ಹಣದ ಮೂಲ ಕೇಳಿದ ದಿನ ಹುಡುಕಿದರೆ ಅವು ಸಿಗುವುದಿಲ್ಲ.

ನಗದು ಬೇಡ

ಹಳೆಯ ವಾಹನದ ವ್ಯವಹಾರದಲ್ಲಿ ನಗದಿನ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಒಂದೇ ವ್ಯವಹಾರಕ್ಕೆ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದವನಿಗೆ ಪಡೆದಷ್ಟೇ ಮೊತ್ತ ದಂಡವಾಗುತ್ತದೆ. ದಿನಕ್ಕೆ ಒಂದೂವರೆ ಲಕ್ಷದಂತೆ ಮೂರು ದಿನ ಪಡೆದರೂ ಅದು ಒಂದೇ ವ್ಯವಹಾರವೇ. ಇದು ಮಾರಾಟಗಾರನ ತಲೆನೋವೆಂದು ಕೊಳ್ಳುವವರು ಸುಮ್ಮನಿರುವಂತಿಲ್ಲ. ವ್ಯಾಪಾರದ ಆಸ್ತಿಗೆ ಒಬ್ಬರಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತವು ಆಸ್ತಿಯ ಬೆಲೆಯಾಗಿ ಗಣನೆಗೇ ಬರುವುದಿಲ್ಲ, ಸವಕಳಿಯೂ ಇಲ್ಲ.

ವಾಹನಕ್ಕಿಂತ ಮೊದಲು ಕಾಗದ

ಮಾರಿದವನು ಹಣ ಪಡೆದು ಸಹಿ ಹಾಕಿದ ಖಾಲಿ ಫಾರಂಗಳನ್ನು ಕೊಟ್ಟು ಕಳುಹಿಸುವ, ಕೊಂಡವನು ಅವನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇದರ ಅಪಾಯವನ್ನು ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿ 6ರ ತೀರ್ಪೊಂದು ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಕಾರು ಒಂದರ ನಂತರ ಒಂದರಂತೆ ಹಲವು ಕೈಗಳಿಗೆ ಮಾರಾಟವಾಗಿತ್ತು; ಆರ್.ಸಿ. ಮಾತ್ರ ಮೊದಲ ಮಾಲೀಕನ ಹೆಸರಿನಲ್ಲಿಯೇ ಉಳಿದಿತ್ತು. 2009ರಲ್ಲಿ ಅಪಘಾತವಾಗಿ ಮಗುವೊಂದು ಮೃತಪಟ್ಟಿತು. ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವನು ನೋಂದಾಯಿತ ಮಾಲೀಕನೇ ಎಂದು ನ್ಯಾಯಾಲಯ ಹೇಳಿತು. ಕಾರನ್ನು ಎಂದೋ ಮಾರಿ ಮರೆತಿದ್ದರೂ ಹೊಣೆ ಅವನದಾಯಿತು.

ಮೋಟಾರು ವಾಹನ ಕಾಯ್ದೆಯಂತೆ ಮಾರಿದವನು ರಾಜ್ಯದೊಳಗಾದರೆ 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಹಸ್ತಾಂತರವನ್ನು ವರದಿ ಮಾಡಬೇಕು. ಫಾರಂ 29 ಮತ್ತು 30 ಇದಕ್ಕಾಗಿಯೇ ಇವೆ. ಸಾಲವಿದ್ದರೆ ಬ್ಯಾಂಕಿನ ಫಾರಂ 35 ಇಲ್ಲದೆ ಮುಂಗಡ ಕೊಡಬೇಡಿ. 2019ರ ಏಪ್ರಿಲ್ 1ಕ್ಕೂ ಹಿಂದೆ ನೋಂದಣಿಯಾದ ವಾಹನಕ್ಕೆ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಿದೆಯೇ ನೋಡಿ. ವ್ಯಾಪಾರಿಯಿಂದ ಕೊಳ್ಳುವುದಾದರೆ 2023ರ ಏಪ್ರಿಲ್ 1ರಿಂದ ಅವರು ಸಾರಿಗೆ ಕಚೇರಿಯ ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮವಿದೆ. ಹಿಂದಿನ ಮಾಲೀಕನು ವಾಹನವನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ಫಾರಂ 29-ಸಿ ಮೂಲಕ ತಿಳಿಸಿದ್ದರೆ ಹೊಣೆ ಆ ವ್ಯಾಪಾರಿಯ ಮೇಲಿರುತ್ತದೆ.

ವಿಮೆಯನ್ನು ಕೊಂಡವನ ಹೆಸರಿಗೆ ಮಾಡಿಸಲು ಇರುವ ಅವಧಿ 14 ದಿನ. ಥರ್ಡ್ ಪಾರ್ಟಿ ರಕ್ಷಣೆ ವಾಹನದೊಂದಿಗೆ ತಾನಾಗಿ ಬಂದರೂ, ಸ್ವಂತ ವಾಹನದ ಹಾನಿಗೆ ಹೆಸರು ಬದಲಾಗದೆ ಪರಿಹಾರ ಕೇಳಲಾಗದು. ನೋ ಕ್ಲೇಮ್ ಬೋನಸ್ ಮಾಲೀಕನದೇ ಹೊರತು ವಾಹನದ್ದಲ್ಲ. 'ಶೇಕಡಾ 50 ಬೋನಸ್ ಇದೆ' ಎಂದು ಅದರ ಬೆಲೆಯನ್ನೂ ಕೇಳುವವರಿದ್ದಾರೆ, ಕೊಡಬೇಕಾಗಿಲ್ಲ.

ದೆಹಲಿಯಿಂದ ಬಂದ ಅಗ್ಗದ ಗಾಡಿಗಳ ಬಗ್ಗೆ ಒಂದೆರಡು ಮಾತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ವಿಧಿಸಿದ ನಿಷೇಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಬಲವಂತದ ಕ್ರಮ ಬೇಡವೆಂದಿತು. ಆ ಆದೇಶಗಳು ರಾಜಧಾನಿ ವಲಯಕ್ಕೆ ಸೀಮಿತ. ಎಂಟು-ಒಂಬತ್ತು ವರ್ಷದ ಒಳ್ಳೆಯ ವಾಹನಗಳು ಅಲ್ಲಿಂದ ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬಂದದ್ದು ಈ ಕಾರಣದಿಂದಲೇ. ಆದರೆ ಇಲ್ಲಿ ಮರು ನೋಂದಣಿಗೆ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಇಳಿಕೆಯೊಂದಿಗೆ, ಕರ್ನಾಟಕದ ಆಜೀವ ತೆರಿಗೆ ಕೊಡಬೇಕು. ಅಲ್ಲಿನ ನಿರಾಕ್ಷೇಪಣಾ ಪತ್ರವೂ ಬೇಕು. ಇದನ್ನೆಲ್ಲ ಸೇರಿಸಿದ ಮೇಲೂ ಅಗ್ಗವೇ ಎಂದು ನೋಡಿ. ಹದಿನೈದು ವರ್ಷ ಸಮೀಪಿಸಿದ ವಾಹನವಾದರೆ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ರೂ. 5,000 ಶುಲ್ಕ, ಜೊತೆಗೆ ಹಸಿರು ತೆರಿಗೆ. ದೊರೆಯುವುದು ಐದು ವರ್ಷ. ಹಿಂದೆ ಹಳದಿ ಫಲಕದ ಬಾಡಿಗೆ ವಾಹನವಾಗಿದ್ದು ಬಿಳಿಯಾದದ್ದೇ ಎಂಬುದನ್ನೂ ಆರ್.ಸಿ. ಇತಿಹಾಸದಲ್ಲಿ ವಿಚಾರಿಸಬೇಕು. ಇನ್ನೋವಾದಲ್ಲಿ ಇದು ವಿಶೇಷವಾಗಿ ಅಗತ್ಯ.

ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ

ಈ ಭಾಗ ನನ್ನ ವೃತ್ತಿಗೆ ಸೇರಿದ್ದಲ್ಲ, ಆದರೂ ಕೆಲವು ವಿಷಯ ಯಾರಾದರೂ ನೋಡಬಹುದು. ಎಂಜಿನ್ ತಣ್ಣಗಿರುವಾಗಲೇ ಮೊದಲ ಬಾರಿಗೆ ಚಾಲೂ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿಯಾಗಿದ್ದರೆ ಸಂಶಯಪಡಿ. ನೀಲಿ ಹೊಗೆ ಎಣ್ಣೆ ಸುಡುವುದರ ಸೂಚನೆ. ಟೈರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೇ ವಾರ. ಮೀಟರಿನಲ್ಲಿ 28,000 ಕಿ.ಮೀ. ತೋರಿಸುತ್ತ ಟೈರುಗಳೆಲ್ಲ ಎರಡನೆಯ ಜೊತೆಯವಾಗಿದ್ದರೆ ಮೀಟರನ್ನು ನಂಬುವುದೋ ಟೈರನ್ನೋ? ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದಲ್ಲಿ ಕೆಸರಿನ ಕಲೆ ಇದೆಯೇ ನೋಡಿ. 2015 ಮತ್ತು 2023ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2019ರಲ್ಲಿ ಉತ್ತರ ಕರ್ನಾಟಕ ಪ್ರವಾಹ ಕಂಡಿವೆ. ತುಂಗಭದ್ರೆಯ ದಡದ ಹೊನ್ನಾಳಿಯವರಿಗೆ ನೀರಿನಲ್ಲಿ ನಿಂತ ಗಾಡಿಯ ಗತಿ ಏನೆಂದು ಬೇರೆಯವರು ಹೇಳಬೇಕಾಗಿಲ್ಲ. ಗದ್ದೆ ಬಯಲಿನ ದಾರಿಯಲ್ಲಿ ಓಡಿದ ವಾಹನದ ತಳಭಾಗವನ್ನು ಮೇಲೆತ್ತಿಸಿ ನೋಡಬೇಕು. ಮಾದರಿಯ ಆಯ್ಕೆಯಲ್ಲಿಯೂ ಎಚ್ಚರವಿರಲಿ: ಷೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ಉತ್ಪಾದನೆ ಕೈಬಿಡುವುದಾಗಿ ಪ್ರಕಟಿಸಿತು. ಅವುಗಳ ವಾಹನಗಳು ಅಗ್ಗವಾಗಿ ಸಿಗುವುದಕ್ಕೆ ಕಾರಣ ಅದರಲ್ಲೇ ಇದೆ. ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಬಿಡಿಭಾಗ ಸಿಗುವ ವಾಹನಕ್ಕೆ ಐವತ್ತು ಸಾವಿರ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಅಡಿಕೆ ಚೀಲ ಹಾಕಬೇಡಿ

ಕೊಂಡ ಮೇಲೆ ಮಂಡಿ ವರ್ತಕರು ಮಾಡುವ ಒಂದು ಕೆಲಸವಿದೆ. ಹಿಂದಿನ ಆಸನ ಮಡಚಿ ನಾಲ್ಕಾರು ಚೀಲ ಹಾಕಿಕೊಂಡು ಹೊರಡುವುದು. ಒಣ ಅಡಿಕೆಗೆ ಶೇಕಡಾ 5 ಜಿ.ಎಸ್.ಟಿ. ಇದೆ. ಸರಕಿನ ಮೌಲ್ಯ ತೆರಿಗೆ ಸೇರಿ ರೂ. 50,000 ಮೀರಿದರೆ ಇ-ವೇ ಬಿಲ್ ಬೇಕು. ಕ್ವಿಂಟಾಲಿಗೆ ರೂ. 50,000 ಎಂದಿಟ್ಟುಕೊಂಡರೆ ಒಂದೇ ಕ್ವಿಂಟಾಲಿಗೆ ಮಿತಿ ದಾಟುತ್ತದೆ. ನಾಲ್ಕು ಕ್ವಿಂಟಾಲ್ ದಾಖಲೆಯಿಲ್ಲದೆ ಸಿಕ್ಕಿಬಿದ್ದರೆ ತೆರಿಗೆ ರೂ. 10,000ಕ್ಕೆ ಅದರ ಎರಡು ಪಟ್ಟು, ಅಂದರೆ ರೂ. 20,000 ದಂಡ, ಅದನ್ನು ಕಟ್ಟುವವರೆಗೆ ಸರಕಿನ ಜೊತೆ ವಾಹನವೂ ತಡೆಯಲ್ಪಡುತ್ತದೆ. ಖಾಸಗಿ ಕಾರಿನ ವಿಮಾ ಪತ್ರದಲ್ಲಿ, ಮಾದರಿ ಸರಕು ಮತ್ತು ಸ್ವಂತ ಲಗೇಜು ಹೊರತು ಸರಕು ಸಾಗಣೆಗೆ ಬಳಸುವಂತಿಲ್ಲವೆಂಬ ಷರತ್ತು ಮುದ್ರಿತವಾಗಿರುತ್ತದೆ. ಆ ಚೀಲಗಳಿದ್ದಾಗಲೇ ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವುದು ಅವನ್ನೇ.

ಮುಂದೊಂದು ದಿನ ಈ ವಾಹನವನ್ನು ಸದಸ್ಯರೇ ಮಾರುವಾಗ ಒಂದು ಹಸ್ತಾಂತರ ಪತ್ರವನ್ನು ಬರೆಸಿಕೊಳ್ಳಬೇಕು. ಅದರಲ್ಲಿ ದಿನಾಂಕವಷ್ಟೇ ಅಲ್ಲದೆ ಗಂಟೆ-ನಿಮಿಷ, ಮೀಟರಿನ ಅಂಕಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇರಲಿ. ಅದೇ ದಿನ ಫಾಸ್ಟ್ಯಾಗ್ ಖಾತೆಯನ್ನು ಮುಚ್ಚಿಸಿ. ಇಲ್ಲವಾದರೆ ಹೊಸ ಮಾಲೀಕರ ಟೋಲ್ ಹಣ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ಆರ್.ಸಿ. ಹೆಸರು ಬದಲಾದದ್ದನ್ನು ಎಂ-ಪರಿವಾಹನ್‌ನಲ್ಲಿ ಕಣ್ಣಾರೆ ನೋಡುವವರೆಗೂ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ಕೊಳ್ಳುವವರು ಕೇಳಿದರೆ ಒಪ್ಪಿಕೊಳ್ಳಿ. ಹೆಸರು ಬೇಗ ಬದಲಾಗುವುದು ಅವರಿಗಿಂತ ನಿಮಗೇ ಹೆಚ್ಚು ಅಗತ್ಯ.